ಒಂದು ಸೇಬು ವಾರಗಟ್ಟಲೆ ಗಟ್ಟಿ, ಇನ್ನೊಂದು ನಾಲ್ಕೇ ದಿನಕ್ಕೆ ಹಿಟ್ಟು: ಯಾಕೆ?

ಮಂಗಳೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಸೇಬಿನ ಬಗ್ಗೆ ಬರುವ ಪ್ರಶ್ನೆ ಒಂದೇ. "ಈ ಫಾರಿನ್ ಸೇಬು ಹದಿನೈದು ದಿನ ಹೊರಗಿಟ್ರೂ ಹಾಗೇ ಇರ್ತದೆ, ಕಾಶ್ಮೀರದ್ದು ನಾಲ್ಕು ದಿನಕ್ಕೆ ಹಿಟ್ಟು ಹಿಟ್ಟಾಗ್ತದೆ. ಎಂತ ಕೆಮಿಕಲ್ ಹಾಕ್ತಾರೆ ಮಾರಾಯ್ರೆ?"

ಉತ್ತರದ ದೊಡ್ಡ ಪಾಲು ಕೆಮಿಕಲ್‌ನಲ್ಲಿಲ್ಲ, ತಳಿಯ ಜೀನ್‌ನಲ್ಲಿದೆ. ಹೆಚ್ಚಿನವರ ಅನುಮಾನ ಮೇಣದ ಮೇಲೆ. ಸೇಬಿನ ಸಿಪ್ಪೆಗೆ ತನ್ನದೇ ಮೇಣ ಇರುತ್ತದೆ. ತೊಳೆಯುವಾಗ ಅದು ಸ್ವಲ್ಪ ಹೋಗುವುದರಿಂದ ಕೆಲವರು ತಿನ್ನಬಹುದಾದ ಮೇಣವನ್ನು ತೆಳುವಾಗಿ ಹಚ್ಚುತ್ತಾರೆ. ಅದು ಹೊಳಪು ಕೊಡುತ್ತದೆ, ಹಣ್ಣು ಬಾಡದಂತೆ ನೋಡಿಕೊಳ್ಳುತ್ತದೆ. ಹಣ್ಣು ಮೆತ್ತಗಾಗುವ ಕಥೆ ನಡೆಯುವುದು ಒಳಗೆ.

ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಅಲ್ವಾ? ಆ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲ ಇರುತ್ತದೆ. ಸೇಬು ಇದೇ ಅನಿಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸ್ವಲ್ಪ ಹುಟ್ಟಿದರೆ ಸಾಕು, ಅದೇ ಇನ್ನಷ್ಟನ್ನು ಹುಟ್ಟಿಸುತ್ತದೆ. ಇದಕ್ಕೆ ಬೇಕಾದ ಒಂದು ಕಿಣ್ವವನ್ನು ಮಾಡಿಸುವ ಜೀನ್‌ನ ಹೆಸರು ಎಸಿಎಸ್-1. ಸೇಬುಗಳಲ್ಲಿ ಈ ಜೀನ್‌ಗೆ ಮುಖ್ಯವಾಗಿ ಎರಡು ರೂಪಗಳಿವೆ. ಒಂದು ಜೋರಾಗಿ ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಜೀನ್ ಅನ್ನು ಆನ್ ಮಾಡುವ ಜಾಗಕ್ಕೇ ಬೇರೆಲ್ಲಿಂದಲೋ ಹಾರಿ ಬಂದ ಡಿಎನ್‌ಎ ತುಣುಕೊಂದು ಸೇರಿಕೊಂಡಿದೆ. ಹಾಗಾಗಿ ಹಣ್ಣಾಗುವ ಹೊತ್ತಿನಲ್ಲಿ ಅದು ಬಹಳ ಕಡಿಮೆ ಕೆಲಸ ಮಾಡುತ್ತದೆ.

ಪ್ರತಿ ಸೇಬಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಹೊರಗಿಟ್ಟರೂ ಗಟ್ಟಿಯಾಗಿ ಉಳಿಯುವ ಫಾರಿನ್ ತಳಿಗಳಲ್ಲೊಂದಾದ ಫ್ಯೂಜಿಗೆ ಎರಡೂ ಕಡೆಯಿಂದ ಬಂದದ್ದು ನಿಧಾನದ ರೂಪವೇ. ಅದು ಜಪಾನಿನಲ್ಲಿ ರಾಲ್ಸ್ ಜಾನೆಟ್ ಮತ್ತು ರೆಡ್ ಡೆಲಿಷಿಯಸ್ ತಳಿಗಳನ್ನು ಕೂಡಿಸಿ ಪಡೆದ ಹಣ್ಣು. 1962ರಲ್ಲಿ ಮಾರುಕಟ್ಟೆಗೆ ಬಂತು. ನನಗೆ ಇಷ್ಟವಾಗುವ ವಿಷಯ ಇಲ್ಲೇ ಇದೆ. ಬೇಗ ಹಿಟ್ಟಾಗುತ್ತದೆಂದು ನಾವು ಬೈಯುವ ಕಾಶ್ಮೀರದ ಡೆಲಿಷಿಯಸ್ ಒಳಗೂ ಆ ನಿಧಾನದ ಪ್ರತಿ ಒಂದು ಇರಲೇಬೇಕು. ಇಲ್ಲದಿದ್ದರೆ ಫ್ಯೂಜಿಗೆ ಎರಡು ಸಿಗುತ್ತಿರಲಿಲ್ಲ.

ಎಥಿಲೀನ್ ಬರೀ ಸುದ್ದಿ ಮುಟ್ಟಿಸುತ್ತದೆ. ಮೆತ್ತಗೆ ಮಾಡುವ ಕೆಲಸ ಬೇರೆ ಕಿಣ್ವಗಳದ್ದು, ಅದರಲ್ಲೂ ಪಾಲಿಗ್ಯಾಲಕ್ಟುರೋನೇಸ್‌ನದು. ಹಣ್ಣಿನ ಜೀವಕೋಶಗಳ ನಡುವೆ ಪೆಕ್ಟಿನ್ ಇರುತ್ತದೆ, ಕೆಂಪುಕಲ್ಲಿನ ಗೋಡೆಯಲ್ಲಿ ಗಾರೆ ಇದ್ದ ಹಾಗೆ. ಈ ಕಿಣ್ವ ಆ ಪೆಕ್ಟಿನ್ ಅನ್ನು ತುಂಡರಿಸುತ್ತದೆ. ನ್ಯೂಜಿಲೆಂಡ್‌ನ ವಿಜ್ಞಾನಿಗಳು ರಾಯಲ್ ಗಾಲಾ ಸೇಬಿನಲ್ಲಿ ಇದರ ಜೀನ್ ಅನ್ನು ತಗ್ಗಿಸಿ ನೋಡಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಣ್ಣು ಜಾಸ್ತಿ ಗಟ್ಟಿಯಾಗಿ ಉಳಿದಿತ್ತು, ಕೋಶಗಳು ಬಿಗಿಯಾಗಿ ಅಂಟಿಕೊಂಡಿದ್ದವು.

ಹಿಟ್ಟಾದ ಸೇಬಿನ ಚೂರು ತಿರುಳನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ದುಂಡು ದುಂಡು ಕೋಶಗಳು ಒಡೆಯದೆ, ಒಂದೊಂದೇ ಬಿಡಿಯಾಗಿ ತೇಲುತ್ತವೆ. ಗರಿಗರಿ ಸೇಬನ್ನು ಕಚ್ಚಿದರೆ ಕೋಶವೇ ಒಡೆದು ರಸ ಚಿಮ್ಮುತ್ತದೆ. ಇಲ್ಲಿ ಹಲ್ಲು ತಾಗಿದಾಗ ಕೋಶಗಳು ಪಕ್ಕಕ್ಕೆ ಸರಿಯುತ್ತವೆ, ರಸ ಒಳಗೇ ಉಳಿಯುತ್ತದೆ. ಹಿಟ್ಟಾದ ಸೇಬಿನಲ್ಲಿ ನೀರಿದ್ದೂ ಬಾಯಿಗೆ ಒಣ ಒಣ ಅನಿಸುವುದು ಇದಕ್ಕೇ.

ಹಾಗಾದರೆ ಕೆಮಿಕಲ್ ಇಲ್ಲವೇ ಇಲ್ಲವಾ? ಇದೆ. 1-ಎಂಸಿಪಿ ಎಂಬ ಅನಿಲವನ್ನು ಮುಚ್ಚಿದ ಕೋಣೆಯಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ಹಾಯಿಸುತ್ತಾರೆ. ಎಥಿಲೀನ್ ಹೋಗಿ ಕೂರಬೇಕಾದ ಜಾಗದಲ್ಲಿ ಅದು ಮೊದಲೇ ಕೂತುಬಿಡುತ್ತದೆ. ಅದರ ಜೊತೆಗೆ ತಣ್ಣಗಿನ ಗೋದಾಮಿನಲ್ಲಿ ಆಮ್ಲಜನಕವನ್ನು 21ರಿಂದ 1–3 ಶೇಕಡಾಕ್ಕೆ ಇಳಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಇದರಲ್ಲಿ ಹೆದರುವಂಥದ್ದು ನನಗೆ ಕಾಣುವುದಿಲ್ಲ.

ನನಗೆ ಬೇಸರವಾಗುವುದು ಕಾಶ್ಮೀರ, ಹಿಮಾಚಲದ ರೈತರನ್ನು ಸುಮ್ನೆ ದೂರುವುದು ಕೇಳಿದಾಗ. ಅವರು ಹೆಚ್ಚಾಗಿ ಬೆಳೆಯುವುದು ಡೆಲಿಷಿಯಸ್ ಗುಂಪಿನ ತಳಿ. ಗುಡ್ಡದಿಂದ ಕರಾವಳಿಯವರೆಗೆ ದೇಶದ ಉದ್ದಕ್ಕೂ ಲಾರಿಯಲ್ಲಿ ಬರುವಾಗ ತಂಪು ತಪ್ಪಿದರೆ ಎಥಿಲೀನ್ ಏರುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಅಂಗಡಿಯ ಬುಟ್ಟಿಗೆ ಬಿದ್ದ ಮೇಲಂತೂ ಕೇಳುವುದೇ ಬೇಡ. ತಪ್ಪು ಹಣ್ಣಿನದೂ ಅಲ್ಲ, ಬೆಳೆದವರದೂ ಅಲ್ಲ.

ಡೆಲಿಷಿಯಸ್ ತಂದರೆ ಸ್ವಲ್ಪವೇ ತನ್ನಿ, ನೇರ ಫ್ರಿಜ್‌ಗೆ ಹಾಕಿ, ಬೇಗ ತಿಂದು ಮುಗಿಸಿ. ಫ್ಯೂಜಿ ಒಂದೆರಡು ದಿನ ಹೊರಗಿದ್ದರೂ ತಡೆಯುತ್ತದೆ. ಎರಡನ್ನೂ ಹಣ್ಣಾಗುತ್ತಿರುವ ಬಾಳೆಯ ಪಕ್ಕ ಮಾತ್ರ ಇಡಬೇಡಿ.