ಆ ಸಂತರು ಯಾಕೆ ತೊಡೆ ತೋರಿಸಿಕೊಂಡು ನಿಂತಿದ್ದಾರೆ?

ಕಾರವಾರದ ಹತ್ತಿರ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್. ಗೇಟಿನ ಪಕ್ಕದಲ್ಲೇ ಒಬ್ಬ ಕ್ರೈಸ್ತ ಸಂತರ ಮೂರ್ತಿ ಇದೆ. ಕೈಯಲ್ಲಿ ಕೋಲು, ಹೆಗಲ ಮೇಲೆ ಸಮುದ್ರದ ಚಿಪ್ಪು, ಕಾಲ ಬಳಿ ರೊಟ್ಟಿ ಕಚ್ಚಿಕೊಂಡ ನಾಯಿ. ಇನ್ನೊಂದು ಕೈಯಿಂದ ಅಂಗಿ ಎತ್ತಿ ತೊಡೆಯ ಮೇಲಿನ ಹುಣ್ಣು ತೋರಿಸುತ್ತಿದ್ದಾರೆ. ಚೀಟಿ ಮಾಡಿಸಲು ಬಂದವರು, ರೋಗಿಯ ನೆಂಟರು, ಆಟೋದವರು, ಎಲ್ಲರೂ ಒಂದಲ್ಲ ಒಂದು ದಿನ ಕೇಳುತ್ತಾರೆ. "ಸಿಸ್ಟರ್, ಇವರು ಯಾಕೆ ಹೀಗೆ ನಿಂತಿದ್ದಾರೆ?"

ನಾಯಿಯ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ. ನಾಲ್ಕು ನಾಯಿಗಳ ಜೊತೆ ನಿಂತ ದತ್ತಾತ್ರೇಯನನ್ನು ಚಿಕ್ಕಂದಿನಿಂದ ನೋಡಿದವರಿಗೆ ಅದು ಹೊಸದಲ್ಲ ಅಲ್ವಾ? ಅಂಕೋಲಾ ಕಡೆಯ ಒಬ್ಬ ಹಾಲಕ್ಕಿ ಅಜ್ಜಿ ಬಂದಾಗಲೆಲ್ಲ ಮುಡಿಯಿಂದ ಎರಡು ಅಬ್ಬಲಿಗೆ ಹೂ ತೆಗೆದು ನಾಯಿಯ ತಲೆ ಮೇಲಿಟ್ಟೇ ಒಳಗೆ ಬರುತ್ತಾರೆ.

ಇವರ ಹೆಸರು ಸಂತ ರೋಕ್. ಊರು ಫ್ರಾನ್ಸಿನ ಮಾಂಪೆಲಿಯೆ. ಕಥೆ ಹೀಗಿದೆ: ಅಪ್ಪ ಅಮ್ಮ ತೀರಿಕೊಂಡ ಮೇಲೆ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ ರೋಮಿಗೆ ಯಾತ್ರೆ ಹೊರಟರು. ಕೋಲು, ಚಿಪ್ಪು ಎರಡೂ ಯಾತ್ರಿಕರ ಗುರುತು. ದಾರಿಯಲ್ಲಿ ಇಟಲಿಯ ಊರುಗಳಿಗೆ ಪ್ಲೇಗ್ ಬಂದಿತ್ತು. ಮನೆಯವರೇ ಬಿಟ್ಟು ಓಡಿದ ರೋಗಿಗಳನ್ನು ಇವರು ನೋಡಿಕೊಂಡರು. ಪಿಯಾಚೆಂಜಾ ಎಂಬಲ್ಲಿ ರೋಗ ಇವರಿಗೂ ಅಂಟಿತು. ಒಬ್ಬರೇ ಕಾಡಿಗೆ ಹೋಗಿ ಮಲಗಿದರು. ಒಂದು ನಾಯಿ ದಿನಾ ಯಜಮಾನನ ಮನೆಯಿಂದ ರೊಟ್ಟಿ ತಂದು ಕೊಟ್ಟಿತು, ಹುಣ್ಣು ನೆಕ್ಕಿತು, ಕೊನೆಗೆ ಆ ಯಜಮಾನನೇ ನಾಯಿಯ ಹಿಂದೆ ಬಂದು ಇವರನ್ನು ಕಂಡುಹಿಡಿದ. ಅವರು ಗುಣವಾದರು. ಆಗಸ್ಟ್ 16 ಇವರ ಹಬ್ಬ.

ಇಲ್ಲಿ ನರ್ಸಾಗಿ ಒಂದು ಮಾತು ಹೇಳಲೇಬೇಕು. ಗಾಯಕ್ಕೆ ನಾಯಿ ಬಾಯಿ ಹಾಕಲು ಬಿಡಬೇಡಿ. ಕಚ್ಚುವುದೇ ಬೇಕಿಲ್ಲ, ಹಸಿ ಗಾಯ ನೆಕ್ಕಿದರೂ ರೇಬಿಸ್ ಬರಬಹುದು. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಬನ್ನಿ.

ಇನ್ನು ತೊಡೆಯ ವಿಷಯ. ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಚಿಗಟ ಹೆಚ್ಚಾಗಿ ಕಾಲಿಗೆ ಕಚ್ಚುತ್ತದೆ. ಅಲ್ಲಿಂದ ರೋಗಾಣು ಮೇಲೇರಿ ತೊಡೆಸಂದಿನ ಗ್ರಂಥಿಗೆ ಸೇರುತ್ತದೆ, ಅದು ಊದಿ ಗಡ್ಡೆಯಾಗುತ್ತದೆ. ಅಂದರೆ ಗಡ್ಡೆ ನಿಜವಾಗಿ ಇರುತ್ತಿದ್ದದ್ದು ಇನ್ನೂ ಮೇಲೆ. ಮೂರ್ತಿ ಮಾಡುವವರು ನಾಚಿಕೆಗೆ ಅದನ್ನು ತೊಡೆಯ ಮಧ್ಯಕ್ಕೆ ಇಳಿಸಿದರು. ನಮಗೂ ಇದು ದೂರದ ಕಥೆಯಲ್ಲ. ಕಾರವಾರ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು, 1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. ಚಿಗಟವೇ ಕಾರಣ ಎಂದು ಸಿಮೊಂದ್ ಎಂಬ ಫ್ರೆಂಚ್ ಡಾಕ್ಟರ್ ಕಂಡುಕೊಂಡದ್ದು 1898ರಲ್ಲಿ, ಕರಾಚಿಯಲ್ಲಿ.

ಗೇಟಿನಲ್ಲಿ ನಿಂತ ಈ ಸಂತರು ಡಾಕ್ಟರ್ ಅಲ್ಲ, ರೋಗಿ. ನನಗೆ ಮುಖ್ಯ ಅನಿಸುವುದು ಅದೇ. ಎಲ್ಲರೂ ಮುಚ್ಚಿಕೊಳ್ಳುವ ಜಾಗವನ್ನು "ನೋಡಿ, ಇಲ್ಲಿ" ಎಂದು ತೋರಿಸುತ್ತಿದ್ದಾರೆ. ನಮ್ಮಲ್ಲಿ ಎಷ್ಟು ಜನ ತೋರಿಸುತ್ತಾರೆ ಹೇಳಿ? ಮೂಲವ್ಯಾಧಿಯನ್ನು ವರ್ಷಗಟ್ಟಲೆ ಹೊಟ್ಟೆನೋವು ಅನ್ನುತ್ತಾರೆ. ಬೆನ್ನಿನ ಮೇಲಿನ ಸ್ಪರ್ಶವಿಲ್ಲದ ಮಚ್ಚೆಯನ್ನು ಕುಷ್ಠ ಅಂದುಬಿಟ್ಟರೆ ಎಂಬ ಭಯಕ್ಕೆ ಅಂಗಿಯೊಳಗೇ ಇಟ್ಟುಕೊಳ್ಳುತ್ತಾರೆ, ಅದು ಮಾತ್ರೆಯಿಂದ ಪೂರ್ತಿ ಗುಣವಾಗುವ ಕಾಯಿಲೆಯಾದರೂ. ಹೆಂಗಸರ ಎದೆಯ ಗಂಟಿನ ಕಥೆಯಂತೂ ನನಗೆ ಸಾಕಾಗಿದೆ. ಮೀನು ಮಾರುವ ಒಬ್ಬರು ಒಂದು ವರ್ಷ ಸೆರಗಿನಡಿ ಮುಚ್ಚಿಕೊಂಡೇ ಬುಟ್ಟಿ ಹೊತ್ತರು. ಮಗನಿಗೆ ಹೇಗೆ ಹೇಳಲಿ ಅಂದರು. ಅವರು ಬಂದಾಗ ತಡವಾಗಿತ್ತು.

ಅದಾದ ಮೇಲೆ ನಾನು ಈ ಪ್ರಶ್ನೆಗೆ ಸುಮ್ನೆ ಎರಡು ಮಾತಲ್ಲಿ ಉತ್ತರ ಕೊಡುವುದನ್ನು ಬಿಟ್ಟೆ. ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಹೇಳುತ್ತೇನೆ. ಮೊನ್ನೆ ಸೊಸೆಯ ಹೆರಿಗೆಗೆ ಬಂದಿದ್ದ ಒಬ್ಬರು ಕಥೆಯನ್ನೆಲ್ಲ ಕೇಳಿ, ಮೂರ್ತಿಯನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ಮೆಲ್ಲಗೆ ಕೇಳಿದರು, "ಲೇಡಿ ಡಾಕ್ಟರ್ ಇವತ್ತು ಇದ್ದಾರಾ?" ಇದ್ದರು. ಅವರ ಚೀಟಿ ನಾನೇ ಮಾಡಿಸಿದೆ.