‘ಸ್ಥಿರತೆಯಿಲ್ಲದ ಆಟಗಾರ’ ಎಂದು ಬರೆಯುವ ಮೊದಲು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಆಟಗಾರರ ಋತು ಅಳೆದು ಕೋಚ್‌ಗೆ ವರದಿ ಬರೆಯುವ ಕೆಲಸದಲ್ಲಿ ಹೆಚ್ಚು ದಾರಿ ತಪ್ಪಿಸುವ ಅಂಕಿ ಸರಾಸರಿ. ಒಂದು ವಾರ 28 ಡಿಸ್ಪೋಸಲ್, ಮುಂದಿನ ವಾರ 10. ಒದ್ದದ್ದು, ಮುಷ್ಟಿಯಿಂದ ಗುದ್ದಿ ದಾಟಿಸಿದ್ದು ಎರಡೂ ಇದರಲ್ಲಿ ಸೇರುತ್ತವೆ. ಸರಾಸರಿ 19 ಎಂದು ಬರೆದರೆ ಆತ ಯಾವತ್ತೂ ಆಡದ ಆಟವೊಂದನ್ನು ವರದಿ ಮಾಡಿದಂತೆ.

ಈ ಆಟದ ದೊಡ್ಡ ಟೂರ್ನಿ ಎಎಫ್‌ಎಲ್‌ನ ಲೀಗ್ ಹಂತದಲ್ಲಿ ತಂಡಕ್ಕೆ 23 ಪಂದ್ಯ. ಹಾಗಾಗಿ 23 ಸಾಲಿನ ಪಟ್ಟಿ ಮಾಡಿಕೊಳ್ಳಿ. ಪ್ರತಿ ಸಾಲಿನಲ್ಲಿ ಆತ ಆಡಿದ ಜಾಗ, ಮೈದಾನದಲ್ಲಿದ್ದ ಸಮಯದ ಶೇಕಡಾವಾರು, ಆಟ ಶುರುವಾಗುವಾಗ ಮಧ್ಯದ ಚೌಕದಲ್ಲಿ ಎಷ್ಟು ಸಲ ನಿಂತ, ಎದುರಾಳಿ ಟ್ಯಾಗರ್ (ಒಬ್ಬನನ್ನೇ ಕಟ್ಟಿಹಾಕಲು ನೇಮಿಸಿದ ಆಟಗಾರ) ಬೆನ್ನು ಹತ್ತಿದ್ದನೇ, ಮಳೆಯಿತ್ತೇ, ಹಿಂದಿನ ಪಂದ್ಯದಿಂದ ಎಷ್ಟು ದಿನ ಬಿಡುವು ಸಿಕ್ಕಿತ್ತು ಎಂಬುದಿರಲಿ. ಮೈದಾನದ ಹೆಸರು ಬಿಡಬೇಡಿ. ಜೀಲಾಂಗ್‌ನ ಕಾರ್ಡಿನಿಯಾ ಪಾರ್ಕ್ ಮೆಲ್ಬರ್ನ್‌ನ ಎಂಸಿಜಿಗಿಂತ ಬಹಳ ಕಿರಿದು. ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಆಡುವವನಿಗೆ ಅಲ್ಲಿ ಓಡಲು ಜಾಗವೇ ಕಡಿಮೆ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಲ್ಲಿ ಛಾವಣಿ ಮುಚ್ಚಿದರೆ ಗಾಳಿ, ಮಳೆಯ ಲೆಕ್ಕವೇ ಇಲ್ಲ.

ಇಷ್ಟು ತುಂಬಿಸುವಷ್ಟರಲ್ಲೇ ಏರಿಳಿತದ ದೊಡ್ಡ ಪಾಲು ಕರಗುತ್ತದೆ. ಶೇ 80 ಸಮಯ ಆಡಿ 24 ಡಿಸ್ಪೋಸಲ್, ಶೇ 60 ಆಡಿ 18: ಎರಡೂ ಒಂದೇ ವೇಗ. ಇನ್ನು ಮಧ್ಯದ ಚೌಕ. ಪ್ರತಿ ಕ್ವಾರ್ಟರ್ ಶುರುವಾದಾಗ ಮತ್ತು ಪ್ರತಿ ಗೋಲಿನ ನಂತರ ಚೆಂಡು ಮಧ್ಯದಿಂದ ಶುರು. ಆ ಚೌಕದಲ್ಲಿ ತಂಡಕ್ಕೆ ನಾಲ್ವರೇ. ಆ ನಾಲ್ವರಲ್ಲಿ ಒಬ್ಬನಾಗಿದ್ದವನನ್ನು ಹಾಫ್ ಫಾರ್ವರ್ಡ್‌ಗೆ, ಅಂದರೆ ಮಧ್ಯ ಮೈದಾನಕ್ಕೂ ಗೋಲಿಗೂ ನಡುವಿನ ಜಾಗಕ್ಕೆ, ಕಳಿಸಿದರೆ ಅಂಕಿ ಇಳಿಯುವುದು ಸಹಜ. ಅದು ಕೋಚ್‌ನ ತೀರ್ಮಾನ, ಆಟಗಾರನ ದೋಷವಲ್ಲ.

ಫಾರ್ವರ್ಡ್‌ಗಳ ವಿಷಯದಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ಗೋಲಿಗೆ 6 ಪಾಯಿಂಟ್, ಗೋಲು ತಪ್ಪಿ ಪಕ್ಕದ ಕಂಬಗಳ ನಡುವೆ ಹೋದ ‘ಬಿಹೈಂಡ್’ಗೆ 1. ಒಂದು ದಿನ 4 ಗೋಲು 1 ಬಿಹೈಂಡ್, ಅಂದರೆ 25 ಪಾಯಿಂಟ್. ಮರುವಾರ 1 ಗೋಲು 4 ಬಿಹೈಂಡ್, 10 ಪಾಯಿಂಟ್. ಎರಡೂ ದಿನ ಆತ ಐದು ಅವಕಾಶ ಗಳಿಸಿದ್ದಾನೆ, ಆ ಕಷ್ಟದ ಕೆಲಸದಲ್ಲಿ ಏನೂ ಕುಸಿದಿಲ್ಲ. ಗೋಲು ಎಣಿಸುವ ಮೊದಲು ಹೊಡೆತ ಎಣಿಸಿ, ಪ್ರತಿಯೊಂದನ್ನೂ ಎಷ್ಟು ದೂರದಿಂದ, ಯಾವ ಕೋನದಿಂದ ಹೊಡೆದ ಎಂದು ಗುರುತಿಸಿ. ತಂಡ ಆ ದಿನ ಚೆಂಡನ್ನು ಗೋಲಿನ ಮುಂದಿನ 50 ಮೀಟರ್ ಗೆರೆಯ ಒಳಗೆ 60 ಸಲ ತಂದಿತ್ತೋ 38 ಸಲವೋ ಎಂಬುದೂ ಪಕ್ಕದಲ್ಲಿರಲಿ. ಚೆಂಡೇ ಬಾರದಿದ್ದರೆ ಆತ ಮಾಡುವುದೇನು?

ಇವೆಲ್ಲ ಕಳೆದ ಮೇಲೂ ಉಳಿಯುವ ಏರಿಳಿತವೇ ನಿಜವಾದದ್ದು. ಅದಕ್ಕೆ ವಿಡಿಯೊ ಬೇಕು, ಟಿವಿ ಪ್ರಸಾರದ್ದಲ್ಲ. ಆ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಗೋಲ್ ಕಂಬಗಳ ಹಿಂದಿನಿಂದ ತೆಗೆದ ಚಿತ್ರಣದಲ್ಲಿ ಆಟಗಾರ ಚೆಂಡಿಲ್ಲದಾಗ ಏನು ಮಾಡುತ್ತಾನೆ ಎಂಬುದು ಕಾಣುತ್ತದೆ. ಒಳ್ಳೆಯ ಮೂರು ಪಂದ್ಯ ಬಿಟ್ಟು ಕೆಟ್ಟ ಮೂರನ್ನು ಆರಿಸಿ. ತಂಡ ಚೆಂಡು ಕಳೆದುಕೊಂಡ ನಂತರದ ಹತ್ತು ಸೆಕೆಂಡು ನೋಡಿ: ತಿರುಗಿ ಓಡಿದನೇ, ಎದುರಾಳಿಯ ಮೇಲೆ ಒತ್ತಡ ಹಾಕಿದನೇ, ಸೊಂಟಕ್ಕೆ ಕೈಯಿಟ್ಟು ನಿಂತನೇ? ಹತ್ತು ಡಿಸ್ಪೋಸಲ್‌ನ ದಿನವೂ ಓಟ, ಟ್ಯಾಕಲ್ ಬಿಡದವನನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಕುಸಿತ ಎಲ್ಲಿ ಎಂಬುದರಲ್ಲಿ ಕಾರಣದ ಸುಳಿವಿದೆ. ಪ್ರತಿ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಾದರೆ ಮೊದಲು ದಮ್ಮಿನ ಕಡೆ ನೋಡಬೇಕು. ನವೆಂಬರ್‌ನಿಂದ ನಡೆಯುವ ಪ್ರೀ-ಸೀಸನ್ ತರಬೇತಿಯನ್ನು ತೊಡೆಯ ಸ್ನಾಯು ನೋವಿನಿಂದ ತಪ್ಪಿಸಿಕೊಂಡವರಲ್ಲಿ ಇದು ಸಾಮಾನ್ಯ. ಟ್ಯಾಗರ್ ಬಂದಾಗ ಮಾತ್ರವಾದರೆ ಅದು ಕಲಿಸಬಹುದಾದ ವಿದ್ಯೆ.

ಮುಂದೆ ಎಷ್ಟು ಬೆಳೆಯಬಲ್ಲ ಎಂಬ ಅಂದಾಜಿಗೆ ವಯಸ್ಸಿನ ಜೊತೆ ಎತ್ತರವನ್ನೂ ನೋಡಬೇಕು. ರಕ್ ಆಡುವ, ಅಂದರೆ ಆಟ ಶುರುವಾದಾಗ ಹಾರಿ ಚೆಂಡನ್ನು ತಮ್ಮವರತ್ತ ತಟ್ಟುವ, ಎತ್ತರದವರು ನಿಧಾನವಾಗಿ ಮಾಗುತ್ತಾರೆ. ಮೆಲ್ಬರ್ನ್ ತಂಡದ ಮ್ಯಾಕ್ಸ್ ಗಾನ್ 2009ರ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆ) 34ನೆಯವರಾಗಿ ಆಯ್ಕೆಯಾದರು. ಮೊಣಕಾಲಿನ ಗಾಯಗಳನ್ನು ದಾಟಿ ಮೊದಲ ಸಲ ಋತುವಿನ ಅತ್ಯುತ್ತಮರ ‘ಆಲ್ ಆಸ್ಟ್ರೇಲಿಯನ್’ ತಂಡಕ್ಕೆ ಬಂದದ್ದು 2016ರಲ್ಲಿ. 2021ರಲ್ಲಿ ನಾಯಕನಾಗಿ ಪ್ರೀಮಿಯರ್‌ಶಿಪ್ (ಲೀಗ್ ಪ್ರಶಸ್ತಿ) ಗೆದ್ದರು. 21ನೇ ವಯಸ್ಸಿನ ರಕ್‌ಮನ್‌ನನ್ನು ಅದೇ ವಯಸ್ಸಿನ ಮಿಡ್‌ಫೀಲ್ಡರ್‌ನ ಅಳತೆಗೋಲಿನಿಂದ ಅಳೆಯಬಾರದು.

ವರದಿಯ ಕೊನೆಯ ಸಾಲಿನಲ್ಲಿ ‘ಸ್ಥಿರತೆಯಿಲ್ಲ’ ಎಂದು ಬರೆದರೆ ಕೋಚ್‌ಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ‘ಒದ್ದೆ ಮೈದಾನದಲ್ಲಿ ಒಂದೇ ಹಿಡಿತಕ್ಕೆ ಚೆಂಡು ಎತ್ತಲಾರ, ಹಾಫ್ ಫಾರ್ವರ್ಡ್‌ನಲ್ಲಿ ಮಾತ್ರ ಮಂಕು’ ಎಂದು ಬರೆಯಿರಿ. ನವೆಂಬರ್‌ನ ತರಬೇತಿ ಅಲ್ಲಿಂದಲೇ ಶುರುವಾಗಬಹುದು.