ಜಿಮ್‌ಗೆ ಹೋದ್ರೆ ಹೊಸ ಸ್ನಾಯು ಹುಟ್ಟುತ್ತಾ?

ದಾವಣಗೆರೆಯಲ್ಲಿ ಬಯಾಲಜಿ ಪಾಠ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹಳೇ ಊರಿನ ಗರಡಿಗೆ ಹೋಗುವ ಹುಡುಗರೂ ಕೇಳುತ್ತಾರೆ, ಪಿ.ಜೆ. ಬಡಾವಣೆ ಕಡೆ ಜಿಮ್ ಸೇರಿದವರೂ ಕೇಳುತ್ತಾರೆ: "ಸಾರ್, ಡೈಲಿ ವರ್ಕೌಟ್ ಮಾಡಿದ್ರೆ ಹೊಸ ಮಸಲ್ ಸೆಲ್ ಹುಟ್ತಾವೇನ್ರಿ?"

ಇಲ್ಲ. ತೋಳು ದಪ್ಪ ಆಗೋದು ಸ್ನಾಯುವಿನಲ್ಲಿ ಈಗಾಗಲೇ ಇರುವ ಎಳೆಗಳೇ (ಒಂದೊಂದು ಎಳೆಯೂ ಒಂದು ಉದ್ದನೆಯ ಸ್ನಾಯು ಕೋಶ) ದಪ್ಪ ಆಗೋದರಿಂದ. ಎಳೆಗಳ ಲೆಕ್ಕ ಹೆಚ್ಚುಕಮ್ಮಿ ಹುಟ್ಟುವ ಹೊತ್ತಿಗೇ ಮುಗಿದಿರುತ್ತದೆ. ಇಷ್ಟು ಹೇಳಿದ ಕೂಡಲೇ ಹುಡುಗರ ಮುಖ ಸಪ್ಪೆ ಆಗುತ್ತದೆ, ಅದಕ್ಕೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಗರ್ಭದಲ್ಲಿ ಭ್ರೂಣಕ್ಕೆ ಇನ್ನೂ ಕೆಲವೇ ವಾರ ಆಗಿರುವಾಗ, ಬೆನ್ನುಹುರಿ ಆಗಬೇಕಾದ ಜಾಗದ ಎರಡೂ ಪಕ್ಕ ಸಣ್ಣ ಸಣ್ಣ ಉಂಡೆಗಳ ಸಾಲು ಮೂಡುತ್ತದೆ. ಇವು ಸೋಮೈಟ್‌ಗಳು. ಕೈ, ಕಾಲು, ಬೆನ್ನು, ಹೊಟ್ಟೆಯ ಸ್ನಾಯುಗಳೆಲ್ಲ ಇಲ್ಲಿಂದಲೇ ಬರೋದು. ಅಕ್ಕಪಕ್ಕದ ಕೋಶಗಳು ವಿಂಟ್, ಸಾನಿಕ್ ಹೆಡ್ಜ್‌ಹಾಗ್ ಅನ್ನುವ ಪ್ರೋಟೀನುಗಳನ್ನು ಕಳಿಸುತ್ತವೆ (ಹೌದು, ಸಾನಿಕ್ ಅನ್ನೋ ಹೆಸರು ವಿಡಿಯೊ ಗೇಮ್‌ನಿಂದಲೇ ಬಂದದ್ದು). ಅದರಿಂದ ಸೋಮೈಟ್‌ನ ಕೆಲವು ಕೋಶಗಳು ಸ್ನಾಯುವಿನ ದಾರಿ ಹಿಡಿಯುತ್ತವೆ. ಪ್ಯಾಕ್ಸ್-3 ಅನ್ನುವ ಜೀನ್ ಕೆಲಸ ಮಾಡುತ್ತಿರುವ ಕೋಶಗಳು ಅಲ್ಲಿಂದ ಹೊರಟು, ಆಗಷ್ಟೇ ಮೊಳೆಯುತ್ತಿರುವ ಕೈಕಾಲುಗಳ ಒಳಕ್ಕೆ ಸರಿದು ಹೋಗುತ್ತವೆ.

ಮುಂದಿನದ್ದು ನನಗೆ ತುಂಬಾ ಇಷ್ಟದ ಭಾಗ. 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಸ್, ವೈನ್‌ಟ್ರಾಬ್, ಲಾಸರ್ ಅನ್ನುವವರು ಇಲಿಯ ಫೈಬ್ರೊಬ್ಲಾಸ್ಟ್ ಕೋಶಗಳಿಗೆ, ಅಂದರೆ ಸ್ನಾಯುವೇ ಅಲ್ಲದ ಕೋಶಗಳಿಗೆ, ಒಂದೇ ಒಂದು ಜೀನ್ ಸೇರಿಸಿದರು. ಅದರ ಹೆಸರು ಮಯೋ-ಡಿ. ಆ ಕೋಶಗಳು ಸ್ನಾಯು ಕೋಶಗಳಾಗಿಬಿಟ್ಟವು! ದೇಹದ ಹೆಚ್ಚುಕಮ್ಮಿ ಎಲ್ಲ ಕೋಶದಲ್ಲೂ ಸಾವಿರಾರು ಜೀನ್ ಇರುತ್ತವೆ, ಅದರಲ್ಲಿ ಯಾವುದೋ ಒಂದಕ್ಕೆ ಇಷ್ಟು ಅಧಿಕಾರ ಇರುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ ಹೇಳಿ? ಮಯೋ-ಡಿ ತಯಾರಿಸುವ ಪ್ರೋಟೀನು ಇನ್ನೊಂದು ಪ್ರೋಟೀನಿನ ಜೊತೆ ಜೋಡಿಯಾಗಿ ಡಿಎನ್‌ಎ ಮೇಲೆ ಗೊತ್ತಾದ ಜಾಗಗಳಲ್ಲಿ ಕೂರುತ್ತದೆ, ಸ್ನಾಯುವಿಗೆ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ.

ಆದರೆ ಮಯೋ-ಡಿ ಇದ್ದ ಮಾತ್ರಕ್ಕೆ ಕೋಶ ತಕ್ಷಣ ಸ್ನಾಯು ಆಗಲ್ಲ. ಮಯೋಬ್ಲಾಸ್ಟ್ ಅನ್ನುವ ಈ ಇನ್ನೂ ಬಲಿಯದ ಕೋಶಗಳು ಮೊದಲು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳಬೇಕು. ಸುತ್ತಲೂ ಬೆಳವಣಿಗೆಯ ಅಂಶಗಳು (ಒಡೆದು ಹೆಚ್ಚಾಗು ಅಂತ ಕೋಶಕ್ಕೆ ಹೇಳುವ ಪ್ರೋಟೀನುಗಳು) ಜಾಸ್ತಿ ಇರುವಷ್ಟು ಹೊತ್ತು ಐಡಿ ಅನ್ನುವ ಇನ್ನೊಂದು ಪ್ರೋಟೀನು ಮಯೋ-ಡಿಗೆ ಬೇಕಾದ ಜೋಡಿಯನ್ನು ತಾನೇ ಹಿಡಿದುಕೊಂಡಿರುತ್ತದೆ. ಆ ಅಂಶಗಳು ಕಮ್ಮಿಯಾದಾಗ ಐಡಿ ಕೂಡ ಕಮ್ಮಿಯಾಗುತ್ತದೆ, ಮಯೋ-ಡಿಗೆ ಜೋಡಿ ಸಿಗುತ್ತದೆ, ಪಿ-21 ಅನ್ನುವ ಪ್ರೋಟೀನು ಏರಿ ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ, ಮಯೋಜೆನಿನ್ ಅನ್ನುವ ಜೀನ್ ಎದ್ದು, ಸ್ನಾಯು ಬಿಗಿಯಾಗೋಕೆ ಬೇಕಾದ ಆಕ್ಟಿನ್, ಮಯೋಸಿನ್ ಪ್ರೋಟೀನುಗಳ ತಯಾರಿ ಶುರುವಾಗುತ್ತದೆ. ಒಂದೋ ಸಂಖ್ಯೆ ಹೆಚ್ಚಿಸಿಕೋ, ಇಲ್ಲ ಸ್ನಾಯು ಆಗು. ಎರಡೂ ಒಟ್ಟಿಗೆ ಆಗಲ್ಲ. ಜಿಮ್ ಹುಡುಗರ ಪ್ರಶ್ನೆಗೆ ಉತ್ತರ ಇರೋದೇ ಇಲ್ಲಿ. ಪೂರ್ತಿ ಸ್ನಾಯುವಾದ ಮೇಲೆ ಆ ಎಳೆ ಮತ್ತೆ ಒಡೆದು ಎರಡಾಗಲ್ಲ.

ಇದರಲ್ಲೂ ಒಂದು ತಮಾಷೆ ಇದೆ. ಇಲಿಯಲ್ಲಿ ಮಯೋ-ಡಿ ತೆಗೆದುಹಾಕಿದರೆ ಎಂವೈಎಫ್-5 ಅನ್ನುವ ಅದರ ದಾಯಾದಿ ಕೆಲಸ ನಿಭಾಯಿಸುತ್ತದೆ, ಇಲಿ ಬದುಕುತ್ತದೆ. ಮಯೋಜೆನಿನ್ ತೆಗೆದರೆ ಮಾತ್ರ ಆಟ ಮುಗೀತು. ಮಯೋಬ್ಲಾಸ್ಟ್‌ಗಳು ಇರುತ್ತವೆ, ಎಳೆಗಳು ಸರಿಯಾಗಿ ಆಗಿರಲ್ಲ, ಮರಿ ಹುಟ್ಟಿದ ಕೂಡಲೇ ಸಾಯುತ್ತದೆ.

ವಿಭಜನೆ ನಿಲ್ಲಿಸಿದ ಕೋಶಗಳು ಸಾಲಾಗಿ ನಿಂತು ಒಂದರೊಳಗೊಂದು ಬೆರೆಯುತ್ತವೆ. ನಮ್ಮೂರಿನ ಮಿಲ್‌ಗಳಲ್ಲಿ ಹತ್ತಿಯಿಂದ ನೂಲು ತೆಗೆಯುತ್ತಿದ್ದರಲ್ಲ, ಹಾಗಾ ಅಂತ ಒಬ್ಬ ಕೇಳಿದ್ದ. ಅರ್ಧ ಸರಿ. ನೂಲಿನಲ್ಲಿ ಹತ್ತಿ ನಾರುಗಳು ಹೊಸೆದುಕೊಂಡರೂ ಬೇರೆ ಬೇರೆಯಾಗೇ ಉಳಿಯುತ್ತವೆ. ಇಲ್ಲಿ ನಡುವಿನ ಪೊರೆಯೇ ಮಾಯವಾಗಿ, ಒಂದೇ ಉದ್ದನೆಯ ಎಳೆಯೊಳಗೆ ನೂರಾರು ಕೋಶಕೇಂದ್ರ (ನ್ಯೂಕ್ಲಿಯಸ್) ಸೇರಿಕೊಳ್ಳುತ್ತವೆ. ಈ ಬೆಸುಗೆಗೆ ಬೇಕಾದ ಮಯೋಮೇಕರ್ ಅನ್ನುವ ಪ್ರೋಟೀನು ಗೊತ್ತಾದದ್ದು 2013ರಲ್ಲಿ, ಮೊನ್ನೆ ಮೊನ್ನೆ ಅನ್ನಬಹುದು.

ಹಾಗಾದರೆ ಗಾಯ ಆದಾಗ ಸ್ನಾಯು ಕೂಡಿಕೊಳ್ಳೋದು ಹೇಗೆ? ಎಲ್ಲ ಕೋಶಗಳೂ ಆಗ ಬೆರೆತಿರಲ್ಲ. ಕೆಲವು ಎಳೆಯ ಹೊರಮೈಗೆ ಅಂಟಿಕೊಂಡು ಸುಮ್ನೆ ಕೂತಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ ಇವನ್ನು ಕಂಡು ಸ್ಯಾಟಲೈಟ್ ಕೋಶ ಅಂತ ಕರೆದರು. ಇವುಗಳಲ್ಲಿ ಪ್ಯಾಕ್ಸ್-7 ಜೀನ್ ಕೆಲಸ ಮಾಡುತ್ತಿರುತ್ತದೆ. ಪೆಟ್ಟಾದಾಗಲೋ, ಭಾರ ಎತ್ತಿ ಸ್ನಾಯುವಿಗೆ ಒತ್ತಡ ಬಿದ್ದಾಗಲೋ ಎದ್ದು, ಮಯೋ-ಡಿ ಹಚ್ಚಿಕೊಂಡು, ಗರ್ಭದಲ್ಲಿ ನಡೆದದ್ದನ್ನೇ ಮತ್ತೆ ನಡೆಸುತ್ತವೆ. ಒಂದಷ್ಟು ಹೋಗಿ ಹಳೇ ಎಳೆಯಲ್ಲಿ ಸೇರುತ್ತವೆ, ಒಂದಷ್ಟು ಮತ್ತೆ ಮಲಗುತ್ತವೆ. ಹೃದಯಕ್ಕೆ ಈ ಭಾಗ್ಯ ಇಲ್ಲ. ಅದೂ ಸ್ನಾಯುವೇ, ಆದರೆ ಅಲ್ಲಿ ಮಯೋ-ಡಿಯೂ ಇಲ್ಲ, ಈ ಕೋಶಗಳೂ ಇಲ್ಲ. ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಗಾಯದ ಕಲೆ ಉಳಿಯೋದು ಅದಕ್ಕೇ.

"ಪೌಡರ್ ತಗೊಂಡ್ರೆ ಸಾರ್?" ಅನ್ನೋದು ಮುಂದಿನ ಪ್ರಶ್ನೆ. ಪೌಡರ್ ಅಂದರೆ ಪ್ರೋಟೀನು ಅಷ್ಟೇ, ಎಳೆ ದಪ್ಪ ಆಗೋಕೆ ಬೇಕಾದ ಸಾಮಾನು. ಊಟದಲ್ಲಿ ಬೇಳೆ, ಮೊಟ್ಟೆ, ಹಾಲು ಸಾಕಷ್ಟು ಇದ್ದರೆ ಅದು ಬೇಕೇ ಬೇಕು ಅಂತಿಲ್ಲ. ಎಳೆಗಳ ಲೆಕ್ಕವೇ ಜಾಸ್ತಿ ಆಗಬೇಕು ಅಂದರೆ ಬೆಲ್ಜಿಯನ್ ಬ್ಲೂ ದನವಾಗಿ ಹುಟ್ಟಬೇಕಿತ್ತು. ಸ್ನಾಯುವಿನ ಬೆಳವಣಿಗೆಗೆ ತಡೆ ಹಾಕುವ ಮಯೋಸ್ಟ್ಯಾಟಿನ್ ಜೀನ್ ಆ ತಳಿಯಲ್ಲಿ ಕೆಟ್ಟಿದೆ, ಅದೂ ಗರ್ಭದಿಂದಲೇ.

ಗರಡಿಯ ಹಿರಿಯ ಪೈಲ್ವಾನರು ಒಂದು ಮಾತು ಹೇಳುತ್ತಾರೆ, ಒಮ್ಮೆ ಕಟ್ಟಿದ ಮೈ ಬಿಟ್ಟರೂ ಬೇಗ ವಾಪಸ್ ಬರುತ್ತೆ ಅಂತ. 2010ರಲ್ಲಿ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಇದಕ್ಕೆ ಹತ್ತಿರ ಬರುತ್ತದೆ. ಭಾರ ಬಿದ್ದಾಗ ಎಳೆಯೊಳಗೆ ಸೇರಿದ ಹೊಸ ಕೋಶಕೇಂದ್ರಗಳು, ಆಮೇಲೆ ಸ್ನಾಯು ಸೊರಗಿದರೂ ಅಲ್ಲೇ ಉಳಿದಿದ್ದವು. ಮನುಷ್ಯರಲ್ಲೂ ಕಾರಣ ಇದೇನಾ ಅನ್ನೋ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ನನಗಂತೂ ಈ ವಿಷಯದಲ್ಲಿ ಪೈಲ್ವಾನರ ಅನುಭವದ ಕಡೆಗೇ ಒಲವು ಜಾಸ್ತಿ.